ಕಪ್ಪತಗುಡ್ಡದ ಕಡೆಯ ಹಳೆ ಕಲ್ಲಿನ ಮನೆಗಳು ಬೇಸಿಗೆಯಲ್ಲೂ ತಂಪಾಗಿರುವುದು ಯಾಕೆ?

ಮೊದಲ ಕಾರಣ ಗೋಡೆಯ ದಪ್ಪ. ಗದಗದ ಈ ಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಹಳೆ ಗೋಡೆ ಅಂದರೆ ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಚಿಕ್ಕ ಕಲ್ಲು, ಕಲಸಿದ ಮಣ್ಣು. ಎರಡಡಿ ದಪ್ಪ ಮಾಮೂಲಿ. ಮಧ್ಯಾಹ್ನದ ಬಿಸಿ ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆ ಕಳೆದಿರುತ್ತದೆ.

ಎಲ್ಲರೂ ಕಲ್ಲನ್ನೇ ಹೊಗಳುತ್ತಾರೆ, ನನಗೆ ಜಾಸ್ತಿ ಇಷ್ಟವಾಗುವುದು ಮಾಳಿಗೆ, ಅಂದರೆ ಮಣ್ಣಿನ ಚಪ್ಪಟೆ ಚಾವಣಿ; ಬಿಸಿಲಿನ ಕಾವನ್ನು ಅದೂ ತಡೆಯುತ್ತದೆ. ತೊಲೆ, ಜಂತಿಗಳ ಮೇಲೆ ದಪ್ಪಗೆ ಮಣ್ಣು ಹರಡಿ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು, ಹಾಕಿ ತುಳಿಯುತ್ತಾರೆ. ಹೊಲದ ಕಪ್ಪು ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಸವಳು ಹಾಗಲ್ಲ, ಹನಿ ಬಿದ್ದೊಡನೆ ಕರಗಿ ಸಂದು ಮುಚ್ಚುತ್ತದೆ, ಅದಕ್ಕೇ ಸೋರುವುದು ಕಡಿಮೆ. ಬಿಸಿಗಾಳಿ, ಒಲೆಯ ಹೊಗೆ ಎರಡೂ ಬೆಳಕಿಂಡಿಯಿಂದ ಮೇಲೆ ಹೋಗುತ್ತವೆ.

ಇಂಥ ಮನೆ ಇದ್ದರೆ ದಯವಿಟ್ಟು ಗೋಡೆಗೆ ಸಿಮೆಂಟ್ ಬಳಿಯಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ.