ಹಳ್ಳಿಯ ಹಿರಿಯರಿಗಿಂತ ನಗರದ ಹಿರಿಯರಿಗೆ ಆರೋಗ್ಯ ಸೇವೆ ಸುಲಭವಾಗಿ ಸಿಗುತ್ತದೆಯೇ?

ಹಳ್ಳಿಯಲ್ಲಿ ದೂರವೇ ದೊಡ್ಡ ಅಡ್ಡಿ ಎಂಬುದು ನಿಜ. ಆದರೆ ನಗರದ ವೃದ್ಧರಿಗೆ ಎಲ್ಲವೂ ಕೈಗೆಟುಕುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಯಮ. ಈ ತಲೆಯೆಣಿಕೆಯಲ್ಲಿ ದಾರಿಯ ಲೆಕ್ಕ ಸೇರಿಲ್ಲ. ಮಲೆನಾಡಿನ ಒಂಟಿಮನೆಯ ಅಜ್ಜಿಯೊಬ್ಬರು ರಕ್ತದೊತ್ತಡದ ಮಾತ್ರೆಗಾಗಿ ಬೆಳಗಿನ ಬಸ್ಸು ಹಿಡಿಯಬೇಕಾದರೆ ಜೊತೆಗೆ ಹೋಗುವ ಮಗ ಅಂದಿನ ಕೂಲಿಯನ್ನು ಬಿಡಬೇಕಾಗುತ್ತದೆ. ಹಾಗಾಗಿ ಮಾತ್ರೆ ಮುಗಿದರೂ "ಸಂತೆಗೆ ಹೋದಾಗ ತಂದರಾಯಿತು" ಎಂದು ಅವರು ದಿನ ದೂಡುತ್ತಾರೆ. ಔಷಧ ತಪ್ಪಿದ ಇಂತಹ ವಾರಗಳೇ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತವೆ.

ನಗರದಲ್ಲಿ ಆಸ್ಪತ್ರೆ ಹತ್ತಿರವಿದ್ದರೂ ಮಕ್ಕಳು ದೂರವಿರುತ್ತಾರೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಮಂಡಿನೋವಿನಲ್ಲಿ ಇಳಿದು, ಮೊಬೈಲಿನಲ್ಲಿ ಟೋಕನ್ ಪಡೆಯಲು ತಿಳಿಯದೆ, ಸಾಲಿನ ಕೊನೆಯಲ್ಲಿ ನಿಲ್ಲುವವರನ್ನು ನೋಡಿದಾಗ ಸಂಕಟವಾಗುತ್ತದೆ.

ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದವರಿಗೆಲ್ಲ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವು ಘೋಷಿಸಿತು. ಇದು ದೊಡ್ಡ ಆಸರೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಹಿರಿಯರ ಕೈ ಬರಿದಾಗುವುದು ಬಹುಮಟ್ಟಿಗೆ ತಿಂಗಳ ಮಾತ್ರೆ, ಪರೀಕ್ಷೆ, ಆಟೋ ಬಾಡಿಗೆಗಳಲ್ಲಿ. ಆದ್ದರಿಂದಲೇ ಮನೆಬಾಗಿಲಿಗೆ ತೆರಳಿ ಮಧುಮೇಹ, ರಕ್ತದೊತ್ತಡ ತಪಾಸಣೆ ಮಾಡುವ ಕರ್ನಾಟಕದ 'ಗೃಹ ಆರೋಗ್ಯ'ದಂತಹ ಯೋಜನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.