ಸವಾರರ ಪ್ರಶ್ನೋತ್ತರ: ಮನೆ ಬೇಲಿಯ ಉಣುಗೋಲಿನವರೆಗೆ ಬರುವ ಸ್ಪೋರ್ಟ್ಸ್ ಬೈಕ್

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಮನೆ ರಿಪ್ಪನ್‌ಪೇಟೆಯಿಂದ ಒಳಗೆ. ಮುಖ್ಯರಸ್ತೆ ಬಿಟ್ಟ ಮೇಲೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಪ್ರತಿ ಶನಿವಾರ ಊರಿಗೆ ಹೋಗುತ್ತೇನೆ. ಈ ಸಲದ ಅಡಿಕೆ ಮಾರಿದ ಮೇಲೆ ಬೈಕ್ ಕೊಡಿಸುವುದಾಗಿ ಅಪ್ಪಯ್ಯ ಹೇಳಿದ್ದಾರೆ. ಯಮಹಾ ಆರ್15, ಸುಜುಕಿ ಜಿಕ್ಸರ್ ಎಸ್‌ಎಫ್, ಕೆಟಿಎಂ ಆರ್‌ಸಿ 200 ಈ ಮೂರನ್ನು ನೋಡಿಟ್ಟಿದ್ದೇನೆ. 300 ಸಿಸಿಗಿಂತ ಕೆಳಗಿನದು ಸ್ಪೋರ್ಟ್ಸ್ ಬೈಕೇ ಅಲ್ಲ, ಬರೀ ವೇಷ ಎಂದು ಹಾಸ್ಟೆಲಿನ ಗೆಳೆಯರು ಹೇಳುತ್ತಾರೆ. ಅಪ್ಪಯ್ಯ ನೋಡಿದರೆ 100 ಸಿಸಿ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗ, ಹೊಸನಗರ ತಾಲ್ಲೂಕು

ಉತ್ತರ: ಗೆಳೆಯರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೋಟಾರ್‌ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಶುರುವಾದ 1949ರಿಂದ 2011ರವರೆಗೆ 125 ಸಿಸಿಗೆಂದೇ ಒಂದು ವಿಭಾಗವಿತ್ತು. ವ್ಯಾಲೆಂಟಿನೊ ರೊಸ್ಸಿ 1997ರಲ್ಲಿ ತನ್ನ ಮೊದಲ ವಿಶ್ವ ಪಟ್ಟ ಗೆದ್ದದ್ದು ಆ ವಿಭಾಗದಲ್ಲಿ. ಅದನ್ನು ವೇಷ ಎಂದು ಯಾರೂ ಕರೆಯಲಿಲ್ಲ. ಸಿಸಿ ಎಂದರೆ ಸಿಲಿಂಡರಿನೊಳಗಿನ ಜಾಗದ ಅಳತೆ, ಅಷ್ಟೇ. ತಿರುವಿನಲ್ಲಿ ಗಾಡಿ ಹೇಗೆ ವಾಲುತ್ತದೆ, ಬ್ರೇಕ್ ಹಿಡಿದಾಗ ಮುಂಭಾಗ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಚಾಸಿ (ಗಾಡಿಯ ಎಲುಬುಗೂಡು), ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ), ಟೈರ್ ಮತ್ತು ತೂಕ.

ನನ್ನದು 2010ರಲ್ಲಿ ಕೊಂಡ ಆರ್15. ಆ ಗಾಡಿ 2008ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದಾಗ, 150 ಸಿಸಿ ಎಂಜಿನಿಗೆ ರೇಡಿಯೇಟರ್, ನಾಲ್ಕು ವಾಲ್ವ್, ಆರು ಗೇರ್ ಕೊಟ್ಟಿದ್ದನ್ನು ಕಂಡು ಗ್ಯಾರೇಜಿನವರೆಲ್ಲ ಬೆರಗಾಗಿದ್ದೆವು. ನನ್ನ ಗ್ಯಾರೇಜಿಗೆ ಬಂದ ಮೊದಲ ಆರ್15ರ ಫೇರಿಂಗ್, ಅಂದರೆ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ, ಬಿಚ್ಚಿದ ಮೇಲೆ ಅರ್ಧ ಗಂಟೆ ಕೆಲಸ ಬಿಟ್ಟು ಅದರ ಚಾಸಿಯನ್ನೇ ನೋಡುತ್ತಾ ಕುಳಿತಿದ್ದು ಇನ್ನೂ ನೆನಪಿದೆ.

ಒಮ್ಮೆ 650 ಸಿಸಿ ಗಾಡಿಯಿದ್ದ ಗೆಳೆಯರೊಬ್ಬರ ಜೊತೆ ತೀರ್ಥಹಳ್ಳಿಯಿಂದ ಹೊರಟು, ಆಗುಂಬೆಯ ಹದಿನಾಲ್ಕು ತಿರುವು ಇಳಿದು, ಸೋಮೇಶ್ವರದಲ್ಲಿ ಚಹಾ ಕುಡಿದು ಮತ್ತೆ ಘಾಟಿ ಹತ್ತಿದೆ. ಅವರು ಎರಡನೇ ಗೇರಿನಿಂದ ಮೇಲಕ್ಕೆ ಹೋಗಲೇ ಇಲ್ಲ. ಒಂದೊಂದು ತಿರುವಿನಲ್ಲೂ ಇನ್ನೂರು ಕಿಲೋ ದಾಟಿದ ಗಾಡಿಯನ್ನು ಎಳೆದು ತಿರುಗಿಸಿ ಅವರ ತೋಳು ಸೋತಿತ್ತು. ನಾನು ಗೇರ್ ಇಳಿಸಿ, ಎಂಜಿನ್ ಹಾಡುವವರೆಗೆ ತಿರುಗಿಸಿ, ಮತ್ತೆ ಇಳಿಸಿ, ಇದ್ದ ಶಕ್ತಿಯನ್ನೆಲ್ಲ ಬಳಸುತ್ತಾ ಹತ್ತಿದೆ. ಹಾಗೆ ಹತ್ತಿದರೂ ವೇಗದ ಮುಳ್ಳು 50ರ ಹತ್ತಿರವೇ ಆಡುತ್ತಿತ್ತು. ಸಣ್ಣ ಸ್ಪೋರ್ಟ್ಸ್ ಬೈಕಿನ ಸುಖ ಇದೇ. ದೊಡ್ಡ ಗಾಡಿಯ ಅರ್ಧ ಶಕ್ತಿಯನ್ನು ನಮ್ಮ ರಸ್ತೆಯಲ್ಲಿ ಹೊರಗೆ ತೆಗೆದರೂ ಎದುರಿನ ಬಸ್ಸಿಗೆ ಹೋಗಿ ಸೇರುತ್ತೇವೆ.

ಈಗ ನಿಮ್ಮ ಮೂರು ಗಾಡಿಗಳಿಗೆ ಬರೋಣ. ಪಿಸ್ಟನ್ ಎಷ್ಟು ಉದ್ದ ಓಡುತ್ತದೆ ಎಂಬುದನ್ನು ಮೊದಲು ನೋಡಿ. ಜಿಕ್ಸರ್‌ನಲ್ಲಿ ಸಿಲಿಂಡರಿನ ಅಗಲ 56 ಮಿಲಿಮೀಟರ್, ಪಿಸ್ಟನ್ ಓಟ 62.9. ಆರ್15ರಲ್ಲಿ 58 ಮತ್ತು 58.7. ಆರ್‌ಸಿ 200ರಲ್ಲಿ 72 ಮತ್ತು 49. ಓಟ ಗಿಡ್ಡವಾದಷ್ಟೂ ಎಂಜಿನ್ ಹೆಚ್ಚು ವೇಗವಾಗಿ ಸುತ್ತಬಲ್ಲದು, ಆದರೆ ಶಕ್ತಿ ಸಿಗುವುದು ಹಾಗೆ ಜೋರಾಗಿ ಸುತ್ತಿದಾಗಲೇ. ಆರ್‌ಸಿ 200ರ 25 ಅಶ್ವಶಕ್ತಿ ಬರುವುದು ನಿಮಿಷಕ್ಕೆ 10,000 ಸುತ್ತಿನಲ್ಲಿ. ಆರ್15ರ 18.4 ಅಶ್ವಶಕ್ತಿಯೂ 10,000ದಲ್ಲೇ, ಟಾರ್ಕ್ (ಎಳೆಯುವ ಬಲ) 7,500ರಲ್ಲಿ. ಅದರ ಎಂಜಿನ್ 7,400 ಸುತ್ತು ಮುಟ್ಟಿದಾಗ ವಾಲ್ವ್ ಎತ್ತುವ ಕ್ಯಾಮ್ ಬದಲಾಗುತ್ತದೆ, ಅಲ್ಲಿಂದ ಮೇಲೆ ಗಾಡಿಯ ಸ್ವಭಾವವೇ ಬೇರೆ. ಜಿಕ್ಸರ್‌ನಲ್ಲಿ ಇರುವುದು 13.6 ಅಶ್ವಶಕ್ತಿ ಮಾತ್ರ. ಆದರೆ ಅದರ 13.8 ನ್ಯೂಟನ್ ಮೀಟರ್ ಟಾರ್ಕ್ 6,000 ಸುತ್ತಿಗೇ ಸಿಗುತ್ತದೆ. ಹಿಂದೆ ಹಿಂಡಿ ಚೀಲ ಕಟ್ಟಿಕೊಂಡು, ಏರು ದಾರಿಯಲ್ಲಿ, ಮೂರನೇ ಗೇರಿನಲ್ಲಿ ಗೊಣಗದೆ ಎಳೆಯುವ ಗಾಡಿ ಈ ಮೂರರಲ್ಲಿ ಅದೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಶೋರೂಮಿನಲ್ಲಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಡಾಂಬರಿನ ಮೇಲೆ ಮುಂದಕ್ಕೆ ಬಾಗಿ ಕೂರುವ ಭಂಗಿ ಚೆಂದ. ಮಣ್ಣಿನ ಇಳಿಜಾರಿನಲ್ಲಿ ಅದೇ ಭಂಗಿ ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹಾಕುತ್ತದೆ. ಕೈ ಬಿಗಿಯಾದರೆ ಮುಂದಿನ ಚಕ್ರ ತನ್ನ ದಾರಿ ತಾನು ಹುಡುಕಲಾರದು. ನಾನು ಬಿದ್ದದ್ದು ಘಾಟಿಯಲ್ಲಿ ಅಲ್ಲ. ಆಷಾಢದ ಒಂದು ಬೆಳಗ್ಗೆ, ಮಾವನ ಮನೆಯ ಮುಂದಿನ ಸಿಮೆಂಟ್ ದಾರಿಯಲ್ಲಿ ಹಾವಸೆ ಕಟ್ಟಿತ್ತು; ನಡೆದುಕೊಂಡು ಹೋಗುವ ವೇಗದಲ್ಲಿ ಬಿದ್ದೆ. ಮೊಣಕಾಲು ತರಚಿತು, ಕ್ಲಚ್ ಲಿವರ್ ಮುರಿಯಿತು, ಫೇರಿಂಗಿನ ಎಡಭಾಗ ಸೀಳಿತು. ಲಿವರಿಗೆ ಕೊಟ್ಟ ಹಣದ ಹಲವು ಪಟ್ಟು ಫೇರಿಂಗಿಗೆ ಹೋಯಿತು. 100 ಸಿಸಿ ಗಾಡಿ ಹಾಗೆ ಬಿದ್ದರೆ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡು ಮುಂದೆ ಹೋಗಬಹುದು. ಅಪ್ಪಯ್ಯ ಹೇಳುತ್ತಿರುವುದರ ಹಿಂದೆ ಇಂಥ ಅನುಭವವಿದೆ.

ಅವರ ಮಾತಿನಲ್ಲಿ ಇನ್ನೊಂದು ಅರ್ಥವೂ ಇರಬಹುದು. ಮನೆಯಲ್ಲಿ ಬೇರೆ ವಾಹನವಿದೆಯೇ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಅಮ್ಮನನ್ನು ಆಸ್ಪತ್ರೆಗೆ, ಮದುವೆ ಮನೆಗೆ ಕರೆದೊಯ್ಯುವುದೂ ಇದೇ ಗಾಡಿ. ಆರ್15 ಮತ್ತು ಆರ್‌ಸಿಯ ಹಿಂಬದಿ ಸೀಟು ಎತ್ತರದಲ್ಲಿರುವ ಚಿಕ್ಕ ಹಲಗೆಯಂಥದ್ದು. ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಅಲ್ಲಿ ಕೂರಲು ಆಗುವುದಿಲ್ಲ. ಜಿಕ್ಸರ್‌ನದು ಅಷ್ಟು ಎತ್ತರವಲ್ಲ, ಹ್ಯಾಂಡಲ್ ಕೂಡ ಕೈಗೆ ಹತ್ತಿರ.

ಮಳೆಗಾಲದ ವಿಚಾರದಲ್ಲಿ ಮಾತ್ರ ಆರ್15 ಮುಂದಿದೆ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ಎಬಿಎಸ್ ಅದರ ಎರಡೂ ಚಕ್ರಗಳಿಗೆ ಇದೆ, ಜಿಕ್ಸರ್ ಎಸ್‌ಎಫ್‌ನಲ್ಲಿ ಮುಂದಿನದಕ್ಕೆ ಮಾತ್ರ. ಅವಸರದಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸದಂತೆ ತಡೆಯುವ ಸ್ಲಿಪ್ಪರ್ ಕ್ಲಚ್ ಆರ್15ರಲ್ಲಿದೆ. ನೆನೆದ ಘಾಟಿ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಎಬಿಎಸ್ ಇದೆ ಎಂದು ನಿಮ್ಮ ಮಣ್ಣಿನ ಇಳಿಜಾರಿನಲ್ಲಿ ಧೈರ್ಯ ಮಾಡಬೇಡಿ. ಸಡಿಲ ಮಣ್ಣಿನಲ್ಲಿ ಅದು ಬ್ರೇಕನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವುದರಿಂದ ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ.

ಹಣದ ಲೆಕ್ಕ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ನಿಮ್ಮ ಮೂರೂ ಅದರೊಳಗೆ ಬರುತ್ತವೆ. ಥರ್ಡ್ ಪಾರ್ಟಿ ವಿಮೆಯ ಗಡಿ ಮಾತ್ರ 150 ಸಿಸಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150ರವರೆಗೆ ವರ್ಷಕ್ಕೆ 714 ರೂಪಾಯಿ, ಅಲ್ಲಿಂದ 350ರವರೆಗೆ 1,366. ನನ್ನ ಹಳೆಯ ಆರ್15 ಮೊದಲನೆಯ ಗುಂಪಿನಲ್ಲಿದೆ, ಈಗಿನ 155 ಸಿಸಿಯವು ಎರಡನೆಯದರಲ್ಲಿ.

ನನ್ನ ಮನಸ್ಸು ಆರ್15 ಕಡೆಗೇ ಎಳೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಿಮಗೆ ಜಿಕ್ಸರ್ ಎಸ್‌ಎಫ್ ಕೊಳ್ಳಿ ಎನ್ನುತ್ತೇನೆ. ಮುಖ್ಯರಸ್ತೆಯ ಬದಿಯಲ್ಲಿ ನೆಂಟರ ಮನೆಯೋ ಪರಿಚಯದ ಅಂಗಡಿಯೋ ಇದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ನಡೆದು ಹೋಗಲು ನೀವು ತಯಾರಿದ್ದರೆ ಮಾತ್ರ ಆರ್15. ಆರ್‌ಸಿ 200 ಬಹಳ ಒಳ್ಳೆಯ ಗಾಡಿ, ಆದರೆ ಅದಕ್ಕೆ ಬೇಕಾದ ರಸ್ತೆ ನಿಮ್ಮ ಮನೆಯ ಕಡೆ ಇಲ್ಲ. ಯಾವುದೇ ತೆಗೆದುಕೊಂಡರೂ ಕೊಟ್ಟಿಗೆಯ ಮೂಲೆಯಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಫೇರಿಂಗಿನೊಳಗೆ ಇಲಿ ಗೂಡು ಕಟ್ಟಿ ವೈರು ಕಡಿದ ಗಾಡಿಗಳು ಪ್ರತಿ ವರ್ಷವೂ ನನ್ನ ಗ್ಯಾರೇಜಿಗೆ ಬರುತ್ತವೆ. ಅಪ್ಪಯ್ಯನನ್ನು ಟೆಸ್ಟ್ ರೈಡಿಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಅವರನ್ನೇ ಕೂರಿಸಿ.

ಪ್ರಶ್ನೆ: ಇಪ್ಪತ್ತು ವರ್ಷದ ನನ್ನ ಮಗಳು ಆರ್15 ಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಎತ್ತರ ಐದು ಅಡಿ ಒಂದು ಇಂಚು. ಕಾಲು ನೆಲಕ್ಕೆ ಸಿಗುವುದಿಲ್ಲ, ಸ್ಕೂಟರೇ ಸಾಕು ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ನನಗೂ ಭಯ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನನ್ನ ತಂಗಿಯ ಮಗಳು ನಿಮ್ಮ ಮಗಳಿಗಿಂತ ಒಂದು ಇಂಚು ಗಿಡ್ಡ, ಮೂರು ವರ್ಷದಿಂದ ಆರ್15 ಓಡಿಸುತ್ತಿದ್ದಾಳೆ. ಸೀಟಿನ ಎತ್ತರ 815 ಮಿಲಿಮೀಟರ್, ನಿಜ. ಜಿಕ್ಸರ್ ಎಸ್‌ಎಫ್‌ನದು 795. ಎರಡೂ ಹಿಮ್ಮಡಿ ನೆಲ ಮುಟ್ಟಬೇಕೆಂದೇನೂ ಇಲ್ಲ, ಒಂದು ಪಾದ ಗಟ್ಟಿಯಾಗಿ ಊರಿದರೆ ಸಾಕು. ಅವಳು ಕಲಿಯಬೇಕಾದದ್ದು ನಿಲ್ಲಿಸುವ ಜಾಗವನ್ನು ಮೊದಲೇ ನೋಡಿಕೊಳ್ಳುವುದನ್ನು. ರಸ್ತೆ ವಾಲಿರುವ ಕಡೆ ಕಾಲು ಕೊಟ್ಟರೆ ಎತ್ತರದವರೂ ಬೀಳುತ್ತಾರೆ. ಗಾಡಿಯ ತೂಕ ಸುಮಾರು 142 ಕಿಲೋ. ಕೊಳ್ಳುವ ಮೊದಲು ಅದನ್ನು ಆಫ್ ಮಾಡಿ, ಅಂಗಳದಲ್ಲಿ ತಳ್ಳಿಕೊಂಡು ಒಂದು ಸುತ್ತು ಬರಲು ಹೇಳಿ. ಸುಸ್ತಾಗದೆ ಬಂದರೆ ಕೊಡಿಸಿ. ಸಸ್ಪೆನ್ಷನ್ ತಗ್ಗಿಸಿ ಕೊಡುತ್ತೇನೆ ಎನ್ನುವವರ ಬಳಿ ಹೋಗಬೇಡಿ. ಗಾಡಿಯ ಅಡಿಯಲ್ಲಿರುವುದು 170 ಮಿಲಿಮೀಟರ್ ಜಾಗ, ನಮ್ಮ ಕಡೆಯ ಹಂಪುಗಳಿಗೆ ಅದೇ ಕಡಿಮೆ. ಹುಡುಗಿ ಎಂಬ ಒಂದೇ ಕಾರಣಕ್ಕೆ ಸ್ಕೂಟರ್ ಕೊಡಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಹಳೆಯ ಆರ್15 ಒಂದು ನೋಡಿದ್ದೇನೆ. ಏನೇನು ಪರೀಕ್ಷಿಸಬೇಕು?
– ಓದುಗ, ಸಾಗರ

ಉತ್ತರ: ಫೇರಿಂಗಿನ ಸ್ಕ್ರೂಗಳನ್ನು ನೋಡಿ. ತಲೆ ಸವೆದಿದ್ದರೆ, ಒಂದೊಂದು ಒಂದೊಂದು ಬಗೆಯದಾಗಿದ್ದರೆ, ಗಾಡಿ ಬಿದ್ದು ಎದ್ದಿದೆ. ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ತುದಿಯ ಗೀರುಗಳೂ ಅದನ್ನೇ ಹೇಳುತ್ತವೆ. ರೇಡಿಯೇಟರಿನ ಸಂದಿಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದ್ದರೆ ಎಂಜಿನ್ ಬಿಸಿ ತಿಂದಿರುವ ಸಾಧ್ಯತೆ ಇದೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕಿನ ಮೇಲೆ ಎಣ್ಣೆಯ ಉಂಗುರವಿದ್ದರೆ ಸೀಲ್ ಖರ್ಚು ಸೇರಿಸಿ ಚೌಕಾಸಿ ಮಾಡಿ. ನೀವು ಹೋದಾಗ ಎಂಜಿನ್ ಆಗಲೇ ಬೆಚ್ಚಗಿದ್ದರೆ ಅಂದು ಮಾತು ಮುಗಿಸಬೇಡಿ, ತಣ್ಣಗಿರುವಾಗಿನ ತೊಂದರೆ ಮುಚ್ಚಲು ಮೊದಲೇ ಓಡಿಸಿಟ್ಟಿರಬಹುದು. ಮರುದಿನ ಬೆಳಗ್ಗೆ ಆರು ಗಂಟೆಗೆ, ಮೊದಲೇ ಫೋನ್ ಮಾಡದೆ ಹೋಗಿ, ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ ನೋಡಿ.