ಆ ‘ನಿದ್ದೆ’ಯನ್ನು ತೆಗೆಯಿರಿ

ನಮಸ್ಕಾರ.

ಬಸಿರಿನಲ್ಲಿ ತಾಯಿಯ ರೋಗನಿರೋಧಕ ವ್ಯವಸ್ಥೆ ಮಲಗಿಬಿಡುತ್ತದೆ ಎನ್ನುವ ನಿಮ್ಮ ‘ಅಮ್ಮನ ಸೈನ್ಯ ಮಲಗಿದಾಗ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಎತ್ತಿಡುವಂಥ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಉತ್ತರ.

ತೊಂದರೆ ತಲೆಬರಹದಿಂದಲೇ ಶುರು. ಮಗುವಿನ ಅರ್ಧ ಜೀನ್‌ಗಳು ತಂದೆಯವು. ಬೇರೆಯವರ ಕಿಡ್ನಿಯನ್ನು ಒಪ್ಪದ ದೇಹ, ಮಗುವನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? 1953ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಪೀಟರ್ ಮೆಡಾವರ್ ಈ ಪ್ರಶ್ನೆ ಎತ್ತಿದರು ಎಂದು ಸರಿಯಾಗಿಯೇ ಬರೆದಿದ್ದೀರಿ. ಎಡವಿದ್ದು ಆಮೇಲೆ. ತಾಯಿಯ ರೋಗನಿರೋಧಕ ವ್ಯವಸ್ಥೆ ಸುಮ್ಮನಾಗಿರಬಹುದು ಅನ್ನುವುದು ಅವರು ಮುಂದಿಟ್ಟ ಊಹೆಗಳಲ್ಲಿ ಒಂದು, ಅಷ್ಟೇ. ನೀವು ಅದನ್ನೇ ಉತ್ತರ ಮಾಡಿಕೊಂಡಿರಿ. ಮಲಗಿದ್ದರೆ ಬಸುರಿಯರಿಗೆ ಟೆಟನಸ್ ಲಸಿಕೆ ಕೊಟ್ಟು ಏನು ಪ್ರಯೋಜನ? ಆ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ಜರಾಯು ದಾಟಿ ಮಗುವಿಗೆ ಸೇರುತ್ತವೆ ಎಂದು ಐದನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಅಲ್ವಾ? (ಅಂದಹಾಗೆ, ಮಾಸು ಅನ್ನುವ ಮಾತು ಇರುವಾಗ ಜರಾಯು ಯಾಕೆ?)

ಮೂರನೇ ಪುಟದಲ್ಲಿ ಗರ್ಭಕೋಶದ ಎನ್‌ಕೆ ಕೋಶಗಳ ಬಗ್ಗೆ ಒಂದೇ ಒಂದು ಸಾಲು ಇದೆ. ಎನ್‌ಕೆ ಅಂದರೆ ನ್ಯಾಚುರಲ್ ಕಿಲ್ಲರ್. ಹೆಸರು ನೋಡಿ ‘ಕೊಲೆಗಡುಕ ಪಡೆ’ ಎಂದು ಬರೆದು ಮುಂದೆ ಓಡಿದ್ದೀರಿ. ನಿಲ್ಲಬೇಕಾಗಿದ್ದೇ ಅಲ್ಲಿ! ಮೊದಲ ಮೂರು ತಿಂಗಳು ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಇವೇ. ಮಾಸಿನ ಕೋಶಗಳು ಆ ಪದರದೊಳಗೆ ಇಳಿದು ಬರುವಾಗ ಎಚ್‌ಎಲ್‌ಎ-ಜಿ ಎಂಬ ಪ್ರೋಟೀನಿನಂಥ ಗುರುತುಗಳನ್ನು ಮೈಮೇಲೆ ಹೊತ್ತಿರುತ್ತವೆ. ಎನ್‌ಕೆ ಕೋಶಗಳು ಅವನ್ನು ಓದಿಕೊಳ್ಳುತ್ತವೆ. ಆಮೇಲೆ ಇಬ್ಬರೂ ಸೇರಿ ಅಲ್ಲಿನ ಸುರುಳಿ ರಕ್ತನಾಳಗಳನ್ನು ಹೊಸದಾಗಿ ಕಟ್ಟುತ್ತಾರೆ. ಗೋಡೆಯ ಸ್ನಾಯು ಕರಗುತ್ತದೆ. ಸಪೂರ, ಬಿಗಿ ನಾಳ ಅಗಲವಾದ ಸಡಿಲ ಕೊಳವೆಯಾಗುತ್ತದೆ. ಇನ್ನು ಅದು ಸುಲಭಕ್ಕೆ ಕುಗ್ಗುವುದಿಲ್ಲ. ರಕ್ತ ನಿಧಾನವಾಗಿ, ಧಾರಾಳವಾಗಿ ಮಾಸಿಗೆ ಇಳಿಯುತ್ತದೆ. ಈ ಕೆಲಸ ಅರ್ಧಕ್ಕೆ ನಿಂತರೆ ಮಗು ಸರಿಯಾಗಿ ಬೆಳೆಯದಿರುವ, ತಾಯಿಗೆ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಬರುವ ಅಪಾಯ ಜಾಸ್ತಿ. ಲೇಖನ ಇದೇ ನೋಡಿ. ಉಳಿದದ್ದು ಇದರ ಸುತ್ತ ಬರಲಿ. ದಾಳಿಯನ್ನು ತಡೆಹಿಡಿಯುವ ರೆಗ್ಯುಲೇಟರಿ ಟಿ ಕೋಶಗಳಿಗೆ ನಾಲ್ಕು ಸಾಲು ಸಾಕು.

ಕೊನೆಯ ಪುಟದ ಬಗ್ಗೆ ಸ್ವಲ್ಪ ಖಾರವಾಗಿ ಹೇಳಬೇಕು. ‘ಗರ್ಭ ನಿಲ್ಲಲಿಲ್ಲವೆಂದರೆ ತಾಯಿಯ ದೇಹವೇ ಮಗುವನ್ನು ಹೊರದಬ್ಬಿತು ಎಂದರ್ಥ.’ ಈ ಸಾಲನ್ನು ನಾನು ಅಚ್ಚು ಮಾಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ದೇಹ ತನ್ನ ವಿರುದ್ಧವೇ ತಯಾರಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿಂದ ಮತ್ತೆ ಮತ್ತೆ ಗರ್ಭಪಾತ ಆಗುವುದುಂಟು, ಅದಕ್ಕೆ ಚಿಕಿತ್ಸೆಯೂ ಇದೆ. ತಾಯಿಯ ರೋಗನಿರೋಧಕ ವ್ಯವಸ್ಥೆಯ ಮಾತನ್ನು ಅಷ್ಟಕ್ಕೇ ಬರೆಯಿರಿ. ಮಗು ಕಳೆದುಕೊಂಡು ಇನ್ನೂ ಚೇತರಿಸಿಕೊಳ್ಳದ ಹೆಂಗಸು ನಿಮ್ಮ ಸಾಲನ್ನು ರಾತ್ರಿ ಎಷ್ಟು ಸಲ ಓದಿಕೊಳ್ಳಬಹುದು, ಯೋಚಿಸಿದ್ದೀರಾ? ‘ರಕ್ತದಲ್ಲಿ ಎನ್‌ಕೆ ಎಣಿಸಿಕೊಳ್ಳಿ’ ಅನ್ನುವ ಸಲಹೆಯನ್ನೂ ತೆಗೆಯಿರಿ. ರಕ್ತದ ಎನ್‌ಕೆ ಬೇರೆ, ಗರ್ಭಕೋಶದ್ದು ಬೇರೆ. ಸುಮ್ನೆ ದುಡ್ಡು ದಂಡ.

ರಕ್ತನಾಳದಿಂದ ಶುರುಮಾಡಿ, ಒಂಬೈನೂರು ಪದಗಳೊಳಗೆ ಬರೆದು ಕಳಿಸಿ. ತಲೆಬರಹ ನಾನೇ ಕೊಡುತ್ತೇನೆ.